ಕೀಲಿ ಹುಟ್ಟಿದ ಕೋಣೆ

“ಸಹಿ ನನ್ನದೇ ಅಂತ ಬರೆದುಬಿಡು. ಅಲ್ಲಿಗೆ ಮುಗೀತು.”

ಮಾವ ಇದನ್ನು ಹೇಳಿದ್ದು ಅವಳ ಮುಖ ನೋಡಿ ಅಲ್ಲ, ಕಿಟಕಿ ನೋಡಿ. ಕಿಟಕಿಯಾಚೆ ನೋಡುವಂಥದ್ದು ಏನೂ ಇರಲಿಲ್ಲ. ಎದುರು ಮನೆಯ ಗೋಡೆ, ಗೋಡೆಗಂಟಿದ ನೀರಿನ ಪೈಪು, ಪೈಪಿನ ಮೇಲೆ ಮಧ್ಯಾಹ್ನದ ಬಿಸಿಲು.

ಸಹಿ ಪರೀಕ್ಷಕಿಯಾದ ಅವಳು ಲ್ಯಾಪ್‌ಟಾಪಿನಿಂದ ಕೈ ತೆಗೆದಳು. “ನಿನ್ನೆವರೆಗೂ ಸಹಿ ನನ್ನದಲ್ಲ ಅಂತ ಮೇಜು ಕುಟ್ಟಿ ಹೇಳ್ತಿದ್ರಿ.”

“ನಿನ್ನೆ ಮರೆತಿತ್ತು. ಇವತ್ತು ನೆನಪಾಯ್ತು.”

“ಯಾವುದೋ ಕಾಲದಲ್ಲಿ ಕಟ್ಟಿದ ಸೇತುವೆಗೆ ಎಷ್ಟು ಕಂಬಿ ಹೋಯ್ತು ಅಂತ ಬಾಯಲ್ಲೇ ಹೇಳ್ತೀರ. ಮೊನ್ನೆ ಮೊನ್ನೆ ಹಾಕಿದ ಸಹಿ ಮರೆತುಹೋಯ್ತಾ?”

“ವಯಸ್ಸಾಯ್ತು ಕಣೆ.”

ವಯಸ್ಸಾಗಿದ್ದು ನಿಜ. ಆದರೆ ಸುಳ್ಳು ಹೇಳುವುದು ಮಾತ್ರ ಈ ವಯಸ್ಸಿನಲ್ಲೂ ಮಾವನಿಗೆ ಅಭ್ಯಾಸವಾಗಿರಲಿಲ್ಲ. ಹೇಳುವಾಗ ಕಿವಿಯ ತುದಿ ಕೆಂಪಾಗುತ್ತಿತ್ತು. ಅಪ್ಪನಿಲ್ಲದ ಅವಳನ್ನು ಎತ್ತಿ ಆಡಿಸಿದ, ಓದಿಸಿದ ಸೋದರಮಾವ. ಆ ಕಿವಿಯ ಬಣ್ಣ ಅವಳಿಗೆ ಎಂದಿನಿಂದಲೋ ಗೊತ್ತು.

ಊರಂಚಿನ ಹಳೆಯ ಸೇತುವೆಯ ಒಂದು ಕಮಾನು ಕುಸಿದು ಲಾರಿ ಚಾಲಕನೊಬ್ಬ ಆಸ್ಪತ್ರೆ ಸೇರಿದ್ದ. ಆ ಸೇತುವೆ ಇನ್ನೂ ಗಟ್ಟಿಯಿದೆ, ಒಡೆಯಬೇಕಿಲ್ಲ ಎಂದು ಹೇಳುವ ವರದಿಯೊಂದು ಅದಕ್ಕೆ ಸ್ವಲ್ಪ ಮೊದಲು ಸರಕಾರಕ್ಕೆ ಹೋಗಿತ್ತು. ವರದಿಯ ಕೆಳಗೆ, ಸೇತುವೆ ಕಟ್ಟಿದ ಎಂಜಿನಿಯರ್ ಮಾವನ ಡಿಜಿಟಲ್ ಸಹಿ ಇತ್ತು. ಸಹಿ ಅವರದೇ ಆದರೆ ಅವರು ಜೈಲಿಗೆ.

“ಟೋಕನ್ ಯಾರ ಕೈಗಾದ್ರೂ ಕೊಟ್ಟಿದ್ರಾ?” ಅವಳು ಮತ್ತೆ ಕೇಳಿದಳು.

“ಸ್ನಾನಕ್ಕೆ ಹೋಗುವಾಗ್ಲೂ ಕೊರಳಲ್ಲೇ ಇರುತ್ತೆ.”

ಡಿಜಿಟಲ್ ಸಹಿ ಹಾಕುವ, ಹೆಬ್ಬೆರಳುದ್ದದ ಕಪ್ಪು ಟೋಕನ್ನು. ಅದಕ್ಕೊಂದು ಹಳೆಯ ಬೂಟಿನ ಲೇಸು ಕಟ್ಟಿ ಮಾವ ಕೊರಳಿಗೆ ಹಾಕಿಕೊಂಡಿದ್ದರು. ಈಗ ಅದು ಅವಳ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡು, ಲೇಸನ್ನು ಮೇಜಿನಿಂದ ಕೆಳಗೆ ಇಳಿಬಿಟ್ಟು ಕೂತಿತ್ತು.

“ಪಿನ್ ನಂಬರು?”

“ನಿನ್ನತ್ತೆಗೇ ಹೇಳಿರ್ಲಿಲ್ಲ. ಅವಳು ಹೋದ್ಮೇಲೆ ಹೇಳೋಕೆ ಈ ಮನೇಲಿ ಯಾರಿದ್ದಾರೆ?”

ಇಲ್ಲಿ ಕಿವಿ ಕೆಂಪಾಗಲಿಲ್ಲ.

ಫೋನು ಗುನುಗಿತು. ಇನ್ಸ್‌ಪೆಕ್ಟರ್. ಅವಳು ಪಡಸಾಲೆಗೆ ಬಂದು ಎತ್ತಿಕೊಂಡಳು.

“ಏನಾಯ್ತು ಮೇಡಂ? ನಮ್ಮ ಕಂಪ್ಯೂಟರ್ ಸಹಿ ಮುಂದೆ ಹಸಿರು ಗುರುತು ತೋರಿಸ್ತಾ ಕೂತಿದೆ. ಹಸಿರು ಅಂದ್ರೆ ಸರಿ ಅಂತ ತಾನೆ?”

“ಹಸಿರು ಅಂದ್ರೆ ಕೀಲಿ ಸರಿ ಅಂತ. ಕೈ ಸರಿ ಅಂತ ಅಲ್ಲ.”

“ನಮ್ಮಂಥೋರಿಗೆ ಅರ್ಥ ಆಗೋ ಹಾಗೆ ಹೇಳಿ.”

“ಕೀಲಿ ಎರಡಿರ್ತವೆ ಸರ್, ಅವಳಿ ಜವಳಿ. ಒಂದು ಗುಪ್ತ ಕೀಲಿ. ಅದು ಟೋಕನ್ ಒಳಗೆ ಅಡಗಿರುತ್ತೆ, ಮುದ್ರೆ ಒತ್ತೋ ಕೆಲಸ ಅದರದ್ದು. ಇನ್ನೊಂದು ಬಹಿರಂಗ ಕೀಲಿ, ಊರಿಗೆಲ್ಲಾ ಹಂಚಿರೋದು. ಮುದ್ರೆ ಅಸಲಿನಾ ನಕಲಿನಾ ಅಂತ ನೋಡೋದು ಅದು. ಅದರಿಂದ ನೋಡಬಹುದು, ಒತ್ತೋಕಾಗಲ್ಲ.”

“ಮತ್ತೆ ಈ ಪ್ರಮಾಣಪತ್ರ?”

“ಈ ಬಹಿರಂಗ ಕೀಲಿ ಇಂಥವರದ್ದು ಅಂತ ನಡುವೆ ನಿಂತು ಮಾತು ಕೊಡ್ತಾರಲ್ಲ ಪ್ರಾಧಿಕಾರದೋರು, ಅವರ ಜಾಮೀನು ಅದು. ಮುಖ ನೋಡಿ, ಗುರುತಿನ ಚೀಟಿ ನೋಡಿ ಕೊಡ್ತಾರೆ. ಆಮೇಲೆ ಗುಪ್ತ ಕೀಲಿ ಯಾರ ಜೇಬಲ್ಲಿ ಓಡಾಡ್ತಿದೆ ಅಂತ ಅವರಿಗೂ ಗೊತ್ತಿರಲ್ಲ.”

“ಮದುವೆ ಮಾಡಿಸಿದೋರು ಸಂಸಾರಕ್ಕೆ ಹೊಣೆ ಅಲ್ಲ ಅಂದ ಹಾಗೆ.”

“ಹೆಚ್ಚುಕಡಿಮೆ.”

“ನೋಡಿ ಮೇಡಂ, ಸ್ವಂತ ಮಾವ ಅಂತ ಗೊತ್ತಿದ್ರೂ ನಿಮ್ಮನ್ನೇ ಕೇಳಿದೀನಿ. ನೀವು ಸಹಿ ಹಾಕಿ ಕೊಟ್ಟ ವರದಿನ ಇವತ್ತಿನವರೆಗೆ ಯಾವ ಕೋರ್ಟೂ ತಳ್ಳಿಹಾಕಿಲ್ಲ. ನಾಳೆ ಬೆಳಿಗ್ಗೆ ಕಳಿಸಿ. ಅವರನ್ನ ಕರ್ಕೊಂಡು ಹೋಗೋದೋ ಬಿಡೋದೋ ನಿಮ್ಮ ವರದಿ ಮೇಲಿದೆ.”

ಅವಳು ಒಳಗೆ ಬಂದಾಗ ಮಾವ ಅದೇ ಪೈಪನ್ನು ನೋಡುತ್ತಿದ್ದರು.

ಪರದೆಯ ಮೇಲೆ ಮಾವನ ಸಹಿ ಇತ್ತು. ಸಹಿ ಎಂದರೆ ಅಂಕಿ ಅಕ್ಷರಗಳ ಒಂದು ಗೊಂಚಲು. ಅವಳಿಗೆ ಎಂದಿನಂತೆ ಬೇಸರವಾಯಿತು. ಶಾಯಿಯ ಸಹಿಗಳೇ ಇನ್ನೂ ಹೆಚ್ಚಾಗಿದ್ದ ಕಾಲದಲ್ಲಿ ಅವಳು ಈ ಕೆಲಸಕ್ಕೆ ಬಂದವಳು. ಆಗಿನ ಸಹಿಗಳಿಗೆ ಉಸಿರಿತ್ತು. ಬರೆಯುವವನು ಎಲ್ಲಿ ಅಳುಕಿದ, ಎಲ್ಲಿ ಪೆನ್ನೆತ್ತಿ ಒಂದು ಕ್ಷಣ ಸುಮ್ಮನಾದ, ಎಲ್ಲಿ ಕೈ ನಡುಗಿತು, ಎಲ್ಲವೂ ಕಾಗದದ ಮೇಲಿರುತ್ತಿತ್ತು. ಎರಡು ಅಕ್ಷರಗಳ ನಡುವಿನ ಆ ಮೌನವನ್ನು ಓದಿಯೇ ಅವಳು ‘ಭೂತಗನ್ನಡಿ’ ಎಂಬ ಅಡ್ಡಹೆಸರು ಗಳಿಸಿದ್ದಳು. ಶಾಯಿಯ ಸಹಿಗೆ ಮನುಷ್ಯನ ಜೊತೆಗೇ ವಯಸ್ಸಾಗುತ್ತಿತ್ತು. ಈ ಅಂಕಿಗಳ ಗೊಂಚಲಿಗೆ ಅದೊಂದೂ ಇಲ್ಲ. ಅದು ಹೆದರುವುದಿಲ್ಲ, ನಾಚುವುದಿಲ್ಲ.

ಆದರೂ ಒಂದು ಹುಟ್ಟುಗುರುತಂತೂ ಇರುತ್ತದೆ.

ಅವಳು ಟೋಕನ್ನಿನ ಒಳವಿವರಗಳನ್ನು ತೆರೆದಳು. ಯಾರೂ ಓದದ ಸಾಲುಗಳು. ತಯಾರಕರ ಗುರುತು, ಕೀಲಿಯ ಉದ್ದ, ಅದರ ಕೆಲಸ. ಅವುಗಳ ಕೆಳಗೆಲ್ಲೋ ಒಂದು ಸಣ್ಣ ಪ್ರಶ್ನೆ ಇತ್ತು: ಈ ಕೀಲಿ ಇಲ್ಲೇ ಹುಟ್ಟಿದ್ದೇ?

ಅದರ ಮುಂದೆ: ಅಲ್ಲ.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಸರಿಯಾದ ಗುಪ್ತ ಕೀಲಿ ಟೋಕನ್ನಿನ ಒಳಗೇ ಹುಟ್ಟಬೇಕು, ಒಳಗೇ ಬದುಕಬೇಕು, ಒಳಗೇ ಸಾಯಬೇಕು. ಹೊರಗಿನ ಗಾಳಿ ಸೋಕಬಾರದು. ಇದು ಹಾಗಲ್ಲ. ಬೇರೆಲ್ಲೋ ಹುಟ್ಟಿ, ಆಮೇಲೆ ಈ ಮನೆಗೆ ದತ್ತು ಬಂದದ್ದು. ಹುಟ್ಟಿದಲ್ಲಿ ಅದರದೊಂದು ನಕಲು ಉಳಿದಿದ್ದರೆ, ಮಾವನ ಕೊರಳಿನ ಲೇಸನ್ನು ಯಾರೂ ಮುಟ್ಟದೆಯೂ ಮಾವನ ಸಹಿ ಬೀಳುತ್ತದೆ.

“ಮಾವ, ಈ ಕೀಲಿ ಹುಟ್ಟಿದ್ದು ಎಲ್ಲಿ?”

ಮಾವ ಈಗ ತಿರುಗಿದರು. ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಯಿತು, ಅಲ್ಲಿ ಲೇಸು ಇರಲಿಲ್ಲ.

“ಹೊರಡು ನೀನು. ಸಹಿ ನನ್ನದು ಅಂದೆನಲ್ಲ. ನನ್ನದೇನಿದೆ, ಬಿದ್ದುಹೋಗೋ ಮರ. ನಿನಗೆ ಮುಂದೆ ಇನ್ನೂ ಬದುಕಿದೆ.”

ಈ ಮಾತಿನಲ್ಲಿ ತನ್ನ ಬದುಕು ಎಲ್ಲಿಂದ ಬಂತು ಎಂದು ಅವಳಿಗೆ ತಿಳಿಯಲಿಲ್ಲ. ಕೇಳುವ ಮೊದಲೇ ಮಾವ ಟೋಕನ್ನನ್ನು ಕಿತ್ತು, ಲೇಸನ್ನು ಕೊರಳಿಗೆ ಹಾಕಿಕೊಂಡು, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಕೀಲಿ ಹುಟ್ಟಿದ ಕೋಣೆಯನ್ನು ಮಾವ ಹೇಳಬೇಕಾಗಿಯೇ ಇರಲಿಲ್ಲ. ಅವಳೂ ಅಲ್ಲಿದ್ದಳು.

ಡ್ರಾಯಿಂಗ್ ಆಫೀಸಿನ ಆ ಉದ್ದನೆಯ ಹಜಾರ. ಸಾಲಾಗಿ ಓರೆ ಮೇಜುಗಳು, ಪ್ರತಿ ಮೇಜಿಗೂ ಬಾಗಿದ ಕತ್ತಿನ ಒಂದು ದೀಪ. ಮೂಲೆಯಲ್ಲಿ ಬ್ಲೂಪ್ರಿಂಟ್ ಯಂತ್ರ. ಶುರು ಮಾಡಿದೊಡನೆ ಗೊರಗೊರ ಕೆಮ್ಮಿ, ಹಜಾರದ ತುಂಬ ಅಮೋನಿಯಾ ಘಾಟು ಉಗುಳುತ್ತಿದ್ದ ಅದಕ್ಕೆ ಎಲ್ಲರೂ ಸೇರಿ ಇಟ್ಟ ಹೆಸರು ‘ಕೆಮ್ಮಜ್ಜಿ’. ಇವತ್ತಿಗೂ ನೆಲ ಒರೆಸುವ ದ್ರಾವಣದ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಆ ಹಜಾರ ಕಣ್ಣಮುಂದೆ ನಿಲ್ಲುತ್ತಿತ್ತು.

ಮಾವ ಅಲ್ಲಿ ಮುಖ್ಯಸ್ಥರು. ಅವಳ ಅಮ್ಮ, ಅಂದರೆ ಮಾವನ ಅಕ್ಕ, ಕೊನೆಯ ಮೇಜಿನ ನಕ್ಷೆಗಾರ್ತಿ. ಮಾವ ಒರಟಾಗಿ ಗೀಚಿ ಕೊಟ್ಟದ್ದನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಇಳಿಸುವ ಕೆಲಸ. ಗೆರೆ ತಪ್ಪಿದರೆ ಅಮ್ಮ ಬ್ಲೇಡಿನ ಮೂಲೆಯಿಂದ ಶಾಯಿಯನ್ನಷ್ಟೇ ಕೆರೆದು ತೆಗೆಯುತ್ತಿದ್ದಳು, ಹಾಳೆಗೆ ಗೊತ್ತೇ ಆಗದ ಹಾಗೆ. ಆ ಹಳೆಯ ಸೇತುವೆಯ ಒಂದೊಂದು ಕಮಾನೂ ಅಮ್ಮನ ಕೈಯಿಂದ ಇಳಿದದ್ದು. ಕೆಳಗೆ ಸಹಿ ಮಾತ್ರ ಮಾವನದು.

ಅವಳು ಆಗ ತಾನೇ ಕೆಲಸ ಕಲಿಯಲು ಸೇರಿದ್ದ ಎಂಜಿನಿಯರು. ಒಂದು ಮಧ್ಯಾಹ್ನ ರಟ್ಟಿನ ಪೆಟ್ಟಿಗೆಯೊಂದು ಬಂತು. ಒಳಗೆ ಹೊಸ ಟೋಕನ್ನುಗಳು. ಇನ್ನು ಮುಂದೆ ನಕ್ಷೆಗಳಿಗೆಲ್ಲ ಡಿಜಿಟಲ್ ಸಹಿ ಎಂದು ಮೇಲಿನಿಂದ ಆಜ್ಞೆ.

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ‘ಕೀಲಿಕೈ’ ಎನ್ನುತ್ತಿದ್ದರು. ಬೀಗ ರಿಪೇರಿಯವನ ಮಗ. ಅವನು ಎತ್ತರದ ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ. ಟೋಕನ್ನಿನ ಒಳಗೇ ಕೀಲಿ ಮಾಡಿಸಲು ಹೋದರೆ ಅದು ಬಿಸಿಯಾಗಿ, ತೆವಳಿ, ನಡುವೆಯೇ ಕೈಕೊಡುತ್ತಿತ್ತು. “ಇದು ಆಗೋಹೋಗೋ ಮಾತಲ್ಲ” ಎಂದು ಕೀಲಿಕೈ ಎಲ್ಲರ ಕೀಲಿಯನ್ನೂ ಕಂಪ್ಯೂಟರಿನಲ್ಲೇ ಮಾಡಿ ಟೋಕನ್ನಿಗೆ ಸುರಿದ.

ಕೀಲಿ ಹುಟ್ಟುವ ಮೊದಲು ಕಂಪ್ಯೂಟರು ಒಂದು ಬೇಡಿಕೆ ಇಡುತ್ತಿತ್ತು: ಮೌಸನ್ನು ಮನಸ್ಸಿಗೆ ಬಂದಂತೆ ಆಡಿಸಿ. ಯಾರೂ ಊಹಿಸಲಾಗದ ಅಂಕಿ ಬೇಕಲ್ಲ, ಅದಕ್ಕೆ. ಒಬ್ಬ ಸೊನ್ನೆ ಸುತ್ತಿದ. ಒಬ್ಬಳು ಹೂ ಬಿಡಿಸಿದಳು. ಮಾವ ಒಂದು ಕಮಾನು ಎಳೆದರು. “ಸಾಹೇಬ್ರೇ, ಮನಸ್ಸಿಗೆ ಬಂದಂತೆ ಅಂತಂದೆ, ಸೇತುವೆ ಕಟ್ಟಿ ಅನ್ಲಿಲ್ಲ” ಎಂದ ಕೀಲಿಕೈ. ಹಜಾರಕ್ಕೆ ಹಜಾರವೇ ನಕ್ಕಿತು. ಕೆಮ್ಮಜ್ಜಿಯೂ ಆ ಹೊತ್ತಿಗೇ ಒಮ್ಮೆ ಕೆಮ್ಮಿತು.

ಅಮ್ಮನ ಹೆಸರನ್ನು ಕೀಲಿಕೈ ಕೂಗಲಿಲ್ಲ. ನಕ್ಷೆ ಇಳಿಸುವವರಿಗೆ ಸಹಿಯ ಅಧಿಕಾರ ಇರಲಿಲ್ಲ.

“ನನಗ್ಯಾಕೆ ಅದೆಲ್ಲಾ” ಎಂದು ಅಮ್ಮ ಬ್ಲೇಡು ಒರೆಸುತ್ತಾ ಹೇಳಿದ್ದಳು. “ನನ್ನ ಗೆರೆನೇ ನನ್ನ ಸಹಿ.”

ಆಫೀಸು ಮುಚ್ಚಿತು. ಅವಳು ಸೇತುವೆ ಬಿಟ್ಟು ಸಹಿಗಳ ಹಿಂದೆ ಬಿದ್ದಳು. ಅಮ್ಮ, ಮಾವ ಮಾತು ಬಿಟ್ಟರು. ಸೇತುವೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸುವಾಗ ಮಾವನದೊಂದೇ ಕೆತ್ತಿಸಿದರು ಎಂಬಲ್ಲಿಂದ ಶುರುವಾದದ್ದು. ಆಮೇಲೆ ಯಾರು ಮೊದಲು ಮಾತಾಡಬೇಕು ಎಂಬಲ್ಲಿಗೆ ನಿಂತಿತು. ಪ್ರಮಾಣಪತ್ರದ ಅವಧಿ ಮುಗಿದಾಗಲೆಲ್ಲ ಮಾವ ಅದನ್ನು ಹೊಸದು ಮಾಡಿಸಿದರು, ಕೀಲಿ ಮಾತ್ರ ಬದಲಿಸಲಿಲ್ಲ. “ಪತ್ರ ಹೊಸದಾಗ್ಲಿ, ಕೀಲಿ ಅದೇ ಇರ್ಲಿ. ಅದರೊಳಗೆ ನಮ್ಮ ಕಮಾನಿದೆ” ಎನ್ನುತ್ತಿದ್ದರು.

ಅವಳು ನಗುತ್ತಿದ್ದಳು. ಅವಳೂ ತನ್ನ ಕೀಲಿಯನ್ನು ಬದಲಿಸಿರಲಿಲ್ಲ.

ಕೀಲಿಕೈಯ ಅಂಗಡಿಗೆ ನಡೆದೇ ಹೋಗಬಹುದಿತ್ತು. ಚಪ್ಪಲಿ ಅಂಗಡಿಗಳ ಬೀದಿ ದಾಟಿ, ಗಡಿಯಾರದವನ ಮೂಲೆಯಲ್ಲಿ ಎಡಕ್ಕೆ. ಅರ್ಧ ದಾರಿಯಲ್ಲಿ ಅಮ್ಮನ ಫೋನು.

“ಊಟಕ್ಕೆ ಬರ್ತೀಯೋ ಇಲ್ವೋ?”

“ತಡ ಆಗುತ್ತಮ್ಮ. ನೀನು ಮಾಡ್ಬಿಡು.”

“ನಾನು ಕಂಪ್ಯೂಟರ್ ಮುಂದೆ ಕೂತಿದೀನಿ, ಆಮೇಲೆ ಮಾಡ್ತೀನಿ.” ಬೆರಳು ನಡುಗಲು ಶುರುವಾದ ಮೇಲೆ ಅಮ್ಮ ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಕಲಿತಿದ್ದಳು, ದಿನವೆಲ್ಲ ಅದೇ ಗುಂಗು. ಆ ಕಡೆ ಮೌಸ್ ಒಮ್ಮೆ ಟಿಕ್ಕೆಂದಿತು. ಆಮೇಲೆ, “ಸೇತುವೆ ಏನ್ಮಾಡ್ತಾರಂತೆ? ಪೂರ್ತಿ ಒಡೀತಾರಾ?”

“ಗೊತ್ತಿಲ್ಲ.”

“ಅವನೇನಂದ?”

“ಯಾರು?”

“ಅವನೇ.” ಅಮ್ಮ ತಮ್ಮನ ಹೆಸರು ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

“ಸಹಿ ನನ್ನದೇ ಅಂತಿದ್ದಾರೆ.”

“ಹೌದಾ?” ಅಮ್ಮನ ದನಿ ತೆಳುವಾಯಿತು. “ಹಾಗಂದನಾ?” ಎಂದು ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಕೀಲಿಕೈ ಬಾಗಿ ಕೂತು ಹಿತ್ತಾಳೆಯ ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದ. ಅಪ್ಪನ ಅಂಗಡಿ, ಅಪ್ಪನ ಅರ, ಅಪ್ಪನದೇ ಬೊಕ್ಕತಲೆ. ಬೆನ್ನ ಹಿಂದಿನ ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಕೀಲಿಗಳು.

“ಬಾ ಭೂತಗನ್ನಡಿ.” ತಲೆ ಎತ್ತಲಿಲ್ಲ. “ಆ ಸ್ಟೂಲಿನ ಒಂದು ಕಾಲು ಕುಂಟು. ಎಡಕ್ಕೆ ವಾಲ್ಬೇಡ.”

“ನಾನು ಬರ್ತೀನಿ ಅಂತ ಗೊತ್ತಿತ್ತಾ ಅಣ್ಣ?”

“ಬರಬಾರ್ದಿತ್ತು ಅಂದ್ಕೊಂಡಿದ್ದೆ.”

“ಅವತ್ತು ಹಜಾರದಲ್ಲಿ ಮಾಡಿದ್ರಲ್ಲ ಕೀಲಿಗಳು, ಕಂಪ್ಯೂಟರಿನಿಂದ ಅಳಿಸಿದ್ರಾ?”

“ಕಂಪ್ಯೂಟರಿನಿಂದ ಅಳಿಸಿದೆ.”

ನಿಜವಾದ ಉತ್ತರ, ಆದರೆ ಪೂರ್ತಿ ಉತ್ತರವಲ್ಲ. ಅವಳು ಸುಮ್ಮನೆ ಕಾದಳು. ಎದುರಿನವರು ಸುಳ್ಳು ಹೇಳಲಾಗದೆ ಒದ್ದಾಡುವಾಗ ಮಾತಾಡಿ ಅವರಿಗೆ ಉಪಕಾರ ಮಾಡಬಾರದು ಎಂಬುದು ಅವಳ ಅನುಭವ.

ಅರ ನಿಂತಿತು.

“ನಮ್ಮಪ್ಪ ಯಾವ ಗಿರಾಕಿಗೂ ಒಂದೇ ಕೀಲಿ ಮಾಡಿದವನಲ್ಲ. ಗಿರಾಕಿ ಕೈಗೊಂದು, ಅಂಗಡಿ ಗೋಡೆಗೊಂದು. ‘ಒಂಟಿ ಕೀಲಿಯ ಬೀಗ ಬೀಗ ಅಲ್ಲ ಕಣೋ, ಗೋಡೆ’ ಅನ್ನೋನು. ಕಳ್ಕೊಂಡು ಅಳ್ತಾ ಬಂದೋರಿಗೆ ಕಾಸು ಕೇಳದೆ ಜೋಡಿ ತೆಗ್ದು ಕೊಡೋನು. ನಾನು ಅದನ್ನೇ ನೋಡಿ ಬೆಳೆದೋನು.”

ಅವನು ಗೋಡೆಯ ಮೇಲ್ಸಾಲಿನತ್ತ ಗದ್ದ ತೋರಿಸಿದ. ಹಿತ್ತಾಳೆ ಉಕ್ಕುಗಳ ನಡುವೆ, ಒಂದೇ ಬಣ್ಣದ ದಾರಕ್ಕೆ ಪೋಣಿಸಿದ ಪುಟ್ಟ ಪೆನ್ ಡ್ರೈವುಗಳು ನೇತಾಡುತ್ತಿದ್ದವು. ಒಂದೊಂದರ ಮೇಲೂ ಡ್ರಾಯಿಂಗ್ ಆಫೀಸಿನ ಒಂದೊಂದು ಹೆಸರು.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಇಡೀ ಹಜಾರ ಗೋಡೆಯ ಮೇಲಿತ್ತು. ಸೊನ್ನೆ ಸುತ್ತಿದವನು, ಹೂ ಬಿಡಿಸಿದವಳು. ಇಬ್ಬರೂ ಈಗ ಇಲ್ಲ.

“ಅಣ್ಣ, ಕಬ್ಬಿಣದ ಕೀಲಿ ಕಳೆದ್ರೆ ಮನೆಯೊಳಗೆ ಹೋಗ್ಬೇಕಲ್ಲ, ಅದಕ್ಕೆ ಜೋಡಿ ಬೇಕು. ಸಹಿಯ ಕೀಲಿ ಕಳೆದ್ರೆ ಪ್ರಾಧಿಕಾರಕ್ಕೆ ಹೇಳಿ ಪ್ರಮಾಣಪತ್ರ ರದ್ದು ಮಾಡಿಸೋದು, ಹೊಸ ಕೀಲಿ ಮಾಡಿಸೋದು. ಅಷ್ಟೇ. ಅದಕ್ಕೆ ಜೋಡಿ ಇರಬಾರದು. ಇದ್ರೆ ಅದು ಕೀಲಿ ಅಲ್ಲ, ಅದೇ ಹೆಸರಿನ ಇನ್ನೊಬ್ಬ ಮನುಷ್ಯ.”

“ಆಮೇಲೆ ಗೊತ್ತಾಯ್ತಮ್ಮ. ಅಷ್ಟರಲ್ಲಿ ಆಫೀಸು ಮುಚ್ತು, ಒಬ್ಬೊಬ್ಬರು ಒಂದೊಂದು ದಿಕ್ಕಾದ್ರಿ. ಇಲ್ಲಾದ್ರೂ ಎಲ್ಲಾ ಒಟ್ಟಿಗೆ ನೇತಾಡ್ತಿದ್ರಿ. ಅಳಿಸೋಕೆ ಕೈ ಬರ್ಲಿಲ್ಲ.”

“ಇವಕ್ಕೆ ಪಾಸ್‌ವರ್ಡ್ ಇದೆಯಾ?”

“ಎಲ್ಲಕ್ಕೂ ಒಂದೇ. ಕೆಮ್ಮಜ್ಜಿ.”

ಅಂದರೆ ಆ ಹಜಾರದ ಘಾಟು ಕುಡಿದವರು ಮಾತ್ರ ತೆರೆಯಬಲ್ಲರು. ಅವಳು ಗೋಡೆಯ ಮೇಲೆ ಮಾವನ ಹೆಸರನ್ನು ಹುಡುಕಿದಳು. ಇತ್ತು, ತನ್ನ ಮೊಳೆಯಲ್ಲೇ, ಧೂಳು ಹಿಡಿದು.

“ಮಾವನದನ್ನ ಯಾರಿಗೆ ತೋರಿಸಿದ್ರಿ? ಯಾರು ನಕಲು ಮಾಡ್ಕೊಂಡ್ರು?”

ಕೀಲಿಕೈ ಈಗ ಮೊದಲ ಸಲ ಅವಳ ಮುಖ ನೋಡಿದ. “ಏನೇ ಇದು, ತಮಾಷೆನಾ? ನ್ಯಾಯ ನಡೆಸೋಕೆ ಬಂದವಳ ಹಾಗೆ ಕೇಳ್ತೀಯಲ್ಲ. ನಿನಗೇ ಕಳಿಸಿದೆನಲ್ಲ.”

“ನನಗಾ?”

“ನೀನೇ ಬರೆದಿದ್ದೆ. ಇದೇ ಬೇಸಿಗೇಲಿ.” ಮೊಬೈಲು ತೆಗೆದು, ಎಣ್ಣೆಗೈಯನ್ನು ಅಂಗಿಗೆ ಒರೆಸಿ, ಹುಡುಕಿ ತೋರಿಸಿದ. ‘ಅಣ್ಣ, ಮಾವನ ಜೋಡಿ ಫೈಲು ನನಗೆ ಬೇಕು. ಈ ವಿಳಾಸಕ್ಕೇ ಕಳಿಸಿ. ಅವರಿಗೆ ಹೇಳಬೇಡಿ.’ ಕಳಿಸಿದ ಇ-ಮೇಲ್ ವಿಳಾಸ ಅವಳದಲ್ಲ. ಆದರೆ ಅಡಿಯಲ್ಲಿ ಅವಳ ಹೆಸರು, ಹೆಸರಿನ ಪಕ್ಕ ಹಸಿರು ಗುರುತು.

“ವಿಳಾಸ ಬೇರೆ ಇದೆ ಅಂತ ನಾನೂ ನೋಡ್ದೆ ಕಣಮ್ಮ, ನಾನೇನು ಪೆದ್ದನಾ? ಸಹಿ ಪರೀಕ್ಷೆ ಮಾಡ್ದೆ. ನಿಂದೇ. ಸಾಹೇಬ್ರು ಆವಾಗ್ಲೇ ಹೇಳಿದ್ರು, ನನ್ನ ಜೋಡಿ ಯಾರಿಗಾದ್ರೂ ಕೊಡೋ ಹಾಗಿದ್ರೆ ನನ್ನ ಸೋದರಸೊಸೆಗೊಬ್ಬಳಿಗೆ ಕೊಡು ಅಂತ. ಅದಕ್ಕೇ ಕಳಿಸ್ದೆ. ಹಾಗೇ ಕಳಿಸ್ಲಿಲ್ಲ ಮತ್ತೆ. ನಿನ್ನ ಬಹಿರಂಗ ಕೀಲಿಯಿಂದ ಬೀಗ ಜಡಿದು ಕಳಿಸ್ದೆ. ನಿನ್ನ ಗುಪ್ತ ಕೀಲಿ ಇರೋರು ಬಿಟ್ಟು ಬೇರೆ ನರಪಿಳ್ಳೆ ಅದನ್ನ ತೆಗೆಯೋ ಹಾಗಿಲ್ಲ.”

ಅವಳು ಎಡಕ್ಕೆ ವಾಲಿದಳೇನೋ, ಸ್ಟೂಲು ಕುಂಟಿತು.

“ಮಾವನಿಗೆ ಇದನ್ನ ಹೇಳಿದ್ರಾ?”

“ಇವತ್ತು ಬೆಳಿಗ್ಗೆ ಫೋನ್ ಮಾಡಿದ್ರು. ಜೋಡಿ ಗೋಡೆ ಮೇಲಿದೆಯಾ, ಯಾರಾದ್ರೂ ಕೇಳಿದ್ರಾ ಅಂದ್ರು. ಅವರ ಹತ್ರ ಸುಳ್ಳು ಹೇಳೋಕಾಗುತ್ತಾ? ನಿಮ್ಮ ಸೊಸೆಗೆ ಕೊಟ್ಟೆ ಅಂದೆ.” ಕೀಲಿಕೈ ದನಿ ತಗ್ಗಿಸಿದ. “‘ಅವಳೇನಾ?’ ಅಂತ ಇನ್ನೊಮ್ಮೆ ಕೇಳಿದ್ರು. ಆಮೇಲೆ, ‘ಇದು ನಮ್ಮಿಬ್ಬರಲ್ಲೇ ಇರ್ಲಿ’ ಅಂದ್ರು.”

ಕಿಟಕಿ, ಪೈಪು, ಕೆಂಪು ಕಿವಿ. ನಿನಗೆ ಮುಂದೆ ಇನ್ನೂ ಬದುಕಿದೆ. ಮಾವ ಕಾಯುತ್ತಿದ್ದದ್ದು ತಮ್ಮ ಮಾನವನ್ನಲ್ಲ. ಅವಳೇ ಮಾಡಿದಳು ಎಂದು ನಂಬಿ, ಅವಳಿಗಾಗಿ ಜೈಲಿಗೆ ಹೊರಟು ಕೂತಿದ್ದರು.

ಅವಳು ತನ್ನ ಚೀಲದಿಂದ ತನ್ನ ಟೋಕನ್ನನ್ನು ತೆಗೆದು ಅಂಗಡಿಯ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದಳು. ಯಾರೂ ಓದದ ಆ ಸಾಲುಗಳು. ಇಷ್ಟು ವರ್ಷ ಊರವರ ಟೋಕನ್ನುಗಳ ಹುಟ್ಟು ನೋಡಿದವಳು ತನ್ನದನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಈ ಕೀಲಿ ಇಲ್ಲೇ ಹುಟ್ಟಿದ್ದೇ? ಅಲ್ಲ.

“ಅಣ್ಣ,” ಅವಳು ಮೆಲ್ಲಗೆ ಕೇಳಿದಳು, “ನನ್ನ ಜೋಡಿ ಎಲ್ಲಿ?”

“ನಿಂದಾ?” ಕೀಲಿಕೈ ತಿರುಗಿ ನೋಡಿದ. ಮೇಲ್ಸಾಲಿನ ಕೊನೆಯಲ್ಲಿ ಒಂದು ಮೊಳೆ ಬರಿದಾಗಿತ್ತು. ಅದರ ಕೆಳಗೆ ಗೋಡೆಯ ಬಣ್ಣ ಮಾಸದೆ, ಸಣ್ಣ ಕಿಟಕಿಯ ಹಾಗೆ ಬೆಳ್ಳಗೆ ಉಳಿದಿತ್ತು. “ಅದು ನೀನು ಬರೆಯೋದಕ್ಕೆ ಮೊದಲೇ ಹೋಯ್ತಲ್ಲ. ಮನೆಯೋರೇ ಬಂದು ಇಸ್ಕೊಂಡ್ರು. ಮನೆಯೋರು ಕೇಳಿದ್ರೆ ಜೋಡಿ ಕೊಡ್ಬೇಕು, ಅದು ಅಂಗಡಿ ಧರ್ಮ.”

“ನನ್ನ ಮನೇಲಿ ಇರೋದು ನಾವಿಬ್ರೇ.”

“ಹೂಂ. ನಿಮ್ಮಮ್ಮ.”

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಕೀಲಿಕೈಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಹಳೆಯ ನೆಂಟರು ಬಂದುಹೋದ ಕಥೆ ಹೇಳುವ ಹಿಗ್ಗಿನಲ್ಲೇ ಮುಂದುವರಿಸಿದ.

“ಕೊಡೆ ಹಿಡ್ಕೊಂಡು ಬಿಸಿಲಲ್ಲಿ ಬಂದಿದ್ರು, ಪಾಪ. ಅದೇ ಸ್ಟೂಲಿನ ಮೇಲೆ ಕೂತ್ರು. ‘ನನ್ನ ಮಗಳು ಮರೆಗುಳಿ, ಮನೇಲೊಂದು ಇರ್ಲಿ’ ಅಂದ್ರು. ತೆಗ್ದು ಕೊಟ್ಟೆ. ಆಮೇಲೂ ಹೋಗ್ಲಿಲ್ಲ. ಗೋಡೆನ ಆ ತುದಿಯಿಂದ ಈ ತುದಿವರೆಗೆ ಒಂದೊಂದೇ ಹೆಸರು ಓದ್ತಾ ಕೂತ್ರು. ‘ಇದರಲ್ಲಿ ನಂದಿಲ್ಲ ಅಲ್ವಾ?’ ಅಂದ್ರು. ಇಲ್ಲಕ್ಕ, ನಿಮಗೆ ಮಾಡಿರ್ಲಿಲ್ಲ ಅಂದೆ. ‘ಹೌದು, ಮಾಡಿರ್ಲಿಲ್ಲ’ ಅಂದು ಎದ್ದು ಹೋದ್ರು.”

ಸೇತುವೆ ಏನ್ಮಾಡ್ತಾರಂತೆ? ಪೂರ್ತಿ ಒಡೀತಾರಾ? ಅಮ್ಮ ಮೊದಲು ಕೇಳಿದ್ದು ತಮ್ಮನ ಬಗ್ಗೆ ಅಲ್ಲ, ಆಸ್ಪತ್ರೆಯಲ್ಲಿದ್ದ ಚಾಲಕನ ಬಗ್ಗೆಯೂ ಅಲ್ಲ. ತನ್ನ ಗೆರೆಗಳ ಬಗ್ಗೆ. ಅವು ಉಳಿಯಲೆಂದೇ ಮಗಳ ಕೀಲಿಯಿಂದ ತಮ್ಮನ ಕೀಲಿ, ತಮ್ಮನ ಕೀಲಿಯಿಂದ ಆ ವರದಿ.

ಅವಳು ಮೊಬೈಲಿನಲ್ಲಿ ಪ್ರಾಧಿಕಾರದ ಪುಟ ತೆರೆದಳು. ತನ್ನ ಪ್ರಮಾಣಪತ್ರ, ಅದರ ಕೆಳಗೆ ‘ರದ್ದು ಮಾಡಿ’. ಅದನ್ನು ಒತ್ತಿದರೆ ಕಾರಣ ಕೇಳಿತು. ‘ಗುಪ್ತ ಕೀಲಿ ಬೇರೆಯವರ ಕೈ ಸೇರಿದೆ’ ಎಂಬುದರ ಮೇಲೆ ಬೆರಳು ನಿಂತಿತು. ಒತ್ತಿದರೆ ಅವಳ ಹೆಸರಿನ ಹಸಿರು ಕೆಂಪಾಗುತ್ತದೆ. ಯಾರ ಕೈ ಎಂದು ನಾಳೆ ಕೇಳುತ್ತಾರೆ. ಒತ್ತದಿದ್ದರೆ, ಅದೇ ಕೀಲಿಯಿಂದ ತಾನು ಸಹಿ ಹಾಕಿ ಕೊಡುವ ವರದಿಗೆ ಯಾವ ಬೆಲೆ?

ಅಷ್ಟರಲ್ಲಿ ಆ ಪುಟವನ್ನು ಮುಚ್ಚಿಕೊಂಡು ಇನ್ಸ್‌ಪೆಕ್ಟರ್ ಹೆಸರು ಬಂತು.

“ಮೇಡಂ, ನಾಳೆವರೆಗೆ ಕಾಯ್ತೀನಿ ಅಂದಿದ್ದೆ, ನೀವು ಈಗ್ಲೇ ಕಳಿಸಿಬಿಟ್ರಿ.”

“ಏನು ಕಳಿಸಿದೆ?”

“ವರದಿ. ಈಗಷ್ಟೇ ಬಂತು. ‘ಸಹಿ ನನ್ನ ಮಾವನದೇ, ಅವರೇ ಒಪ್ಪಿಕೊಂಡಿದ್ದಾರೆ, ಬೇರೆ ಯಾರನ್ನೂ ವಿಚಾರಿಸಬೇಕಿಲ್ಲ.’ ಕೆಳಗೆ ನಿಮ್ಮ ಸಹಿ, ಹಸಿರು ಗುರುತು, ಎಲ್ಲಾ ಇದೆ. ನಾವು ಅವರ ಮನೆ ಮುಂದೆ ಬಂದಾಯ್ತು. ಕದ ತಟ್ಟೋದೊಂದೇ ಬಾಕಿ.”

ಫೋನಿನ ಆ ತುದಿಯಲ್ಲಿ ಅವಳಿಗೆ ಪರಿಚಿತವಾದ ಸದ್ದೊಂದು ಕೇಳಿಸಿತು. ಮಾವನ ಮನೆಯ ಗೇಟು. ಎಣ್ಣೆ ಕಾಣದೆ ಕಿರುಗುಟ್ಟುವ ಆ ಗೇಟಿಗೆ ಎಂದೋ ಅಮ್ಮನೇ ಬಣ್ಣ ಆರಿಸಿ ಹಾಕಿಸಿದ್ದಳು.

“ಸರ್, ಒಂದು ನಿಮಿಷ...”

“ಅದಕ್ಕೇ ಫೋನ್ ಮಾಡಿದ್ದು ಮೇಡಂ. ಮಧ್ಯಾಹ್ನ ನೀವೇ ಪಾಠ ಹೇಳಿದ್ರಲ್ಲ, ಹಸಿರು ಅಂದ್ರೆ ಕೀಲಿ ಸರಿ ಅಂತ ಅಷ್ಟೇ, ಕೈ ಸರಿ ಅಂತ ಅಲ್ಲ ಅಂತ.” ಗೇಟು ಮತ್ತೆ ಕಿರುಗುಟ್ಟಿತು. “ಈ ವರದಿಗೆ ಸಹಿ ಹಾಕಿದ ಕೀಲಿ ನಿಮ್ಮದು. ಹೇಳಿ, ಕೈ ಯಾರದು?”